ಒರಿಜಿನಲ್ ಬೇಡ, ಜೆರಾಕ್ಸ್ ಸಾಕು

ಬಸವೇಶ್ವರನಗರದ ಮನೆಗಳಿಗೆ ನುಗ್ಗುವುದು ಸುಲಭವಲ್ಲ. ಕಾಂಪೌಂಡಿನ ಮೇಲೆ ಗಾಜಿನ ಚೂರು, ಕಿಟಕಿಗೆ ಗ್ರಿಲ್ಲು, ಬಾಲ್ಕನಿಗೂ ಗ್ರಿಲ್ಲು, ಗೇಟಿನ ಮೇಲೊಂದು ಕ್ಯಾಮೆರಾ. ಇಷ್ಟೆಲ್ಲ ಭದ್ರ ಮಾಡಿಕೊಂಡ ಯಜಮಾನರು ಬೆಳಗ್ಗೆ ತಿಂಡಿ ಮುಗಿಸಿ ಆಧಾರ್ ಕಾರ್ಡು ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. "ಐದು ಕಾಪಿ ಹಾಕಪ್ಪಾ, ಎರಡೂ ಕಡೆ." ಒಂದು ಗ್ಯಾಸ್ ಏಜೆನ್ಸಿಗೆ, ಒಂದು ಹೊಸ ಸಿಮ್ಮಿಗೆ, ಒಂದು ಬಾಡಿಗೆ ಕರಾರಿಗೆ, ಒಂದು ಮೊಮ್ಮಗಳ ಸ್ಕೂಲಿಗೆ, ಐದನೆಯದು "ಇರಲಿ" ಅಂತ. ಮಸುಕಾಗಿ ಬಂದ ಆರನೆಯದು ಅಂಗಡಿಯ ಕಸದ ಬುಟ್ಟಿಗೆ. ಮುಖ, ವಿಳಾಸ, ಹುಟ್ಟಿದ ತಾರೀಖು, ಹನ್ನೆರಡು ಅಂಕಿ, ಎಲ್ಲವೂ ಆ ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತವೆ. ಗ್ರಿಲ್ಲು ಕೊಯ್ಯುವ ದರ್ದು ಯಾರಿಗಿದೆ?

ಕಾಗದ ಬಿಟ್ಟು ಮೊಬೈಲಿಗೆ ಬಂದವರು ಜಾಣರು ಅಂದುಕೊಳ್ಳಬೇಡಿ. ಅವರು ಇ-ಆಧಾರಿನ ಪಿಡಿಎಫ್ಫನ್ನು ಅಂಗಡಿ ಹುಡುಗನ ವಾಟ್ಸ್ಯಾಪಿಗೆ ಕಳಿಸುತ್ತಾರೆ. ಅದಕ್ಕೆ ಪಾಸ್‌ವರ್ಡ್ ಉಂಟು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲಿ ಹುಟ್ಟಿದ ಇಸವಿ. ಹೆಸರು ಹುಡುಗನ ಕಣ್ಣೆದುರೇ ಇದೆ. "ಅಂಕಲ್, ಎಷ್ಟನೇ ಇಸ್ವಿ?" ಅನ್ನುತ್ತಾನೆ, ಅಂಕಲ್ ಇಡೀ ಕ್ಯೂಗೆ ಕೇಳುವ ಹಾಗೆ ಹೇಳುತ್ತಾರೆ.

ಯಾರೂ ಎಚ್ಚರಿಸಲೇ ಇಲ್ಲ ಅನ್ನುವಂತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ, ದುರುಪಯೋಗವಾದೀತು. ಬೇಕಾದರೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಪರವಾನಗಿ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಪ್ರತಿ ಇಟ್ಟುಕೊಳ್ಳುವಂತಿಲ್ಲ. ಸತ್ಯ ಹೇಳಿದ ಆ ಪ್ರಕಟಣೆ ಬದುಕಿದ್ದು ಎರಡೇ ದಿನ. 29ರಂದು ದೆಹಲಿ ಅದನ್ನು ವಾಪಸ್ ಪಡೆಯಿತು. ಜನ ಅಪಾರ್ಥ ಮಾಡಿಕೊಂಡಾರಂತೆ. ನಂಬರು ಹಂಚುವಾಗ "ಸಾಮಾನ್ಯ ಎಚ್ಚರ" ಇದ್ದರೆ ಸಾಕಂತೆ.

ಈ ಸಾಮಾನ್ಯ ಎಚ್ಚರವನ್ನು ವಿಜಯನಗರದ ಯಾವುದಾದರೊಂದು ಕೌಂಟರಿನಲ್ಲಿ ಪ್ರಯೋಗ ಮಾಡಿ ನೋಡಿ. ಮಾಸ್ಕ್ಡ್ ಆಧಾರ್ ಮುಂದಿಟ್ಟ ಕೂಡಲೇ ಆಚೆಯಿಂದ ಪ್ರಶ್ನೆ: "ಏನ್ ಸಾರ್ ಇದು, ನಂಬರೇ ಇಲ್ಲ? ಫುಲ್ ಇರೋದು ತನ್ನಿ. ಒರಿಜಿನಲ್ ಬೇಡ, ಜೆರಾಕ್ಸ್ ಸಾಕು." ಹಿಂದೆ ನಿಂತವರು ನಿಮ್ಮನ್ನೇ ಕಳ್ಳನೆಂಬಂತೆ ನೋಡುತ್ತಾರೆ. ಕಳ್ಳನ ಬೇಡಿಕೆಯೂ ಇಷ್ಟೇ: ಒರಿಜಿನಲ್ ಬೇಡ, ಜೆರಾಕ್ಸ್ ಸಾಕು.

ಇದು ಬರೀ ಜನರ ಬೇಜವಾಬ್ದಾರಿ ಎಂದು ಭಾಷಣ ಬಿಗಿಯುವವರಿಗೆ 2023 ನೆನಪಿರಲಿ. ಕೆಂಗೇರಿ ಆಚೆಗೊಂದು ಸೈಟು ಕೊಳ್ಳುವುದೆಂದರೆ ಮಧ್ಯಮ ವರ್ಗದ ಬಾಳಿನ ಅತಿ ದೊಡ್ಡ ಸಾಹಸ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವರ್ ಬರುವ ತನಕ ಕಾದು, ಫೋಟೊ ತೆಗೆಸಿಕೊಂಡು, ಹೆಬ್ಬೆಟ್ಟೊತ್ತಿ, ಆಧಾರ್ ಕೊಟ್ಟು ಬರಬೇಕು. ಆ ಕ್ರಯಪತ್ರ ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಹರಿದು ಹೋಯಿತು. ಅಲ್ಲಿಂದ ಆಧಾರ್ ಸಂಖ್ಯೆ, ಹೆಬ್ಬೆಟ್ಟು ಸಮೇತ ಕಳ್ಳರ ಕೈಗೆ. ರಿಜಿಸ್ಟ್ರೇಷನ್ ಮುಗಿಸಿದವರ ಖಾತೆಯಿಂದ ಹತ್ತು ಸಾವಿರ ಹೋಯಿತು ಅಂತ ಮೆಸೇಜು. ಒಟಿಪಿ ಕೇಳಲಿಲ್ಲ, ಪಿನ್ ಕೇಳಲಿಲ್ಲ, ಯಾವ ಲಿಂಕೂ ಒತ್ತಿರಲಿಲ್ಲ. ಎಟಿಎಂ ಇಲ್ಲದ ಹಳ್ಳಿಯ ಅಜ್ಜಿ ಬೆರಳೊತ್ತಿ ಪಿಂಚಣಿ ಪಡೆಯಲೆಂದು ಮಾಡಿದ ಎಇಪಿಎಸ್ ಎಂಬ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ದುಡ್ಡು ಹೋಗಿತ್ತು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಕೊಡುತ್ತದೆ. ರಾಜಾಜಿನಗರದಲ್ಲಿ ಅದರ ಹೆಸರೇ ಕೇಳದವರ ಖಾತೆಗೂ ಅದು ತೆರೆದೇ ಇತ್ತು. ಬೆಂಗಳೂರು ಪೊಲೀಸರು ಆ ಅಕ್ಟೋಬರಿನಲ್ಲಿ ಬಿಹಾರದವರನ್ನು ಹಿಡಿದು ತಂದರು. ಕ್ರಯಪತ್ರದಲ್ಲಿ ಹೆಬ್ಬೆಟ್ಟು, ಆಧಾರ್ ಸಂಖ್ಯೆ ಮರೆಮಾಡುವ ಯೋಚನೆ ಇಲಾಖೆಗೆ ಹೊಳೆದದ್ದು ಈ ಗಲಾಟೆಯ ನಂತರ.

ಏಕಲವ್ಯ ಹೆಬ್ಬೆರಳು ಕೊಟ್ಟದ್ದು ಒಬ್ಬ ಗುರುವಿಗೆ, ಒಂದೇ ಸಲ. ನಾವು ಪುಟಪುಟಕ್ಕೂ ಕೊಟ್ಟು, ಮೇಲೆ ಮುದ್ರಾಂಕ ಶುಲ್ಕವನ್ನೂ ಕಟ್ಟಿ ಬರುತ್ತೇವೆ. ಗುರುತು ಕದ್ದವನಿಗೆ ಐಟಿ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಅದನ್ನು ಬಯಲಿಗಿಟ್ಟ ಕಚೇರಿಗೆ ಯಾವ ಕಲಮು?

ಖಾಸಗಿತನದ ಹಕ್ಕೇನೋ ಇದೆ. ಅದನ್ನು ದೊರಕಿಸಿದವರೂ ಈ ಊರಿನವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ತೀರ್ಪಿನ ಜೆರಾಕ್ಸನ್ನು ಮಾತ್ರ ಯಾವ ಕೌಂಟರಿನಲ್ಲೂ ತೆಗೆದುಕೊಳ್ಳುವುದಿಲ್ಲ.

ಆದ್ದರಿಂದ ನಮ್ಮ ಬೆರಳಿಗೆ ನಾವೇ ಕಾವಲು. ಪ್ರಾಧಿಕಾರದ ಆ್ಯಪಿನಲ್ಲೋ ವೆಬ್‌ಸೈಟಿನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿ. ಬೆರಳೊತ್ತಬೇಕಾದ ದಿನ ಮಾತ್ರ ತೆಗೆಯಿರಿ. ಕೊಡಲೇಬೇಕಾದ ಪ್ರತಿಯ ಮೇಲೆ ಯಾರಿಗೆ, ಯಾತಕ್ಕೆ, ಯಾವ ದಿನ ಎಂದು ಅಡ್ಡಡ್ಡ ಬರೆಯಿರಿ, ಗುಮಾಸ್ತರು ಗೊಣಗಿದರೆ ಗೊಣಗಲಿ. ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳನ್ನು ಎಣಿಸಿಕೊಳ್ಳಿ. ನಿಮ್ಮದಲ್ಲದ್ದು ಕಂಡರೆ ಅಲ್ಲೇ ತಿಳಿಸಿ. ದುಡ್ಡು ಹೋಗಿದೆ ಅಂತ ಮೆಸೇಜು ಬಂದರೆ ನೆಂಟರಿಗೆ ಫೋನ್ ಮಾಡುವ ಮೊದಲು 1930ಕ್ಕೆ ಮಾಡಿ. ಸೈಬರ್ ಅಪರಾಧದ ಸರ್ಕಾರಿ ಪೋರ್ಟಲಿನಲ್ಲೂ ದೂರು ಕೊಡಬಹುದು. ಗುರುತಿನ ಚೀಟಿಯದೊಂದು ಸಾಫ್ಟ್ ಕಾಪಿ ಸಿದ್ಧವಿಟ್ಟುಕೊಳ್ಳಿ, ಅಲ್ಲೂ ಕೇಳುತ್ತಾರೆ.