ಬಕೆಟ್ ಪರೀಕ್ಷೆ

ಊರಿಂದ ಅತ್ತೆ-ಮಾವ ಬಂದಿಳಿದ ಮೇಲೆ ಹೊರನಾಡ ಕನ್ನಡಿಗರ ಮನೆಯಲ್ಲಿ ಮೊದಲು ಅರಚಿಕೊಳ್ಳುವುದು ಹೊಗೆಯ ಅಲಾರಂ. ಸಾಸಿವೆ ಸಿಡಿದರೆ ಸಾಕು, ಅದಕ್ಕೆ ಜೀವ ಬರುತ್ತದೆ. ಆಮೇಲಿನ ಸರದಿ ಟಾಯ್ಲೆಟ್ಟಿನದು. ಅಲಾರಮ್ಮಿಗಾದರೆ ಪೇಪರಿನಿಂದ ಗಾಳಿ ಬೀಸಿ ಸಮಾಧಾನ ಮಾಡಬಹುದು.

ನಾವಿರುವುದು ಜೆರ್ಸಿ ಸಿಟಿಯಲ್ಲಿ, 1920ರ ದಶಕದ ಇಟ್ಟಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ. ಬಾಡಿಗೆಗೆ ಕೊಡುವಾಗ 'ಪ್ರೀ-ವಾರ್' ಕಟ್ಟಡ ಎಂದು ಗತ್ತಿನಿಂದ ಹೇಳಿದ್ದರು. ಪೈಪುಗಳೂ ಪ್ರೀ-ವಾರ್ ಎಂದು ಹೇಳಿರಲಿಲ್ಲ. ನಾಲ್ಕು ಜನಕ್ಕೆ ಒಂದೇ ಟಾಯ್ಲೆಟ್ಟು. ಫ್ಲಶ್ ಮಾಡಿದರೆ ನೀರು ಮೇಲೇರಿ, ಅತ್ತಿತ್ತ ನೋಡಿ, ಮನಸ್ಸಿಲ್ಲದೆ ಇಳಿಯುತ್ತಿತ್ತು.

ಮಾವನವರು ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಗೋಡೆಗೆ ಕಿವಿಯಿಟ್ಟು ತೀರ್ಪು ಕೊಟ್ಟರು: "ಸ್ಲೋಪ್ ಸರಿಯಿಲ್ಲ ಕಣೋ. ಅಡಿಗೆ ಕಾಲಿಂಚು ಇಳಿಜಾರು ಬೇಕು. ಒಡೆಸಿಬಿಡು."

"ಕೆಳಗಡೆ ಸಂಸಾರ ಇದೆ ಅಪ್ಪ."

ನಮ್ಮ ಯಜಮಾನರದು ಸಾಫ್ಟ್‌ವೇರ್ ಕೆಲಸ. ಪೂರ್ತಿ ಓದಿ ಮುಗಿಸದೆ ಸ್ಕ್ರೂಡ್ರೈವರ್ ಮುಟ್ಟುವವರಲ್ಲ. "1992ರಲ್ಲಿ ಕಾನೂನು ತಂದ್ರು. 94ರಿಂದ ಮನೆಗೆ ತಯಾರಾಗೋ ಟಾಯ್ಲೆಟ್ ಒಂದು ಸಲಕ್ಕೆ 1.6 ಗ್ಯಾಲನ್, ಅಂದ್ರೆ 6 ಲೀಟರ್, ಅಷ್ಟೇ ಬಿಡಬೇಕು. ಹಳೇದು 13 ಲೀಟರ್ ಬಿಡ್ತಿತ್ತು. ಆ ಕಾಲದ ಪೈಪಿಗೆ 6 ಲೀಟರ್ ಎಲ್ಲಿಗೆ ಸಾಕು?"

"ಕಾನೂನು ಬಂದು ರಿಪೇರಿ ಮಾಡುತ್ತೇನೋ?" ಎಂದರು ಮಾವ.

ಮರುದಿನ ಯಜಮಾನರು ಇನ್ನೊಂದು ಕಾರಣ ಓದಿಕೊಂಡು ಬಂದರು. ಪೈಪಿಗೆ ಗಾಳಿ ಕೊಡುವ ಕೊಳವೆಯೊಂದು ಚಾವಣಿಯ ಮೇಲಿರುತ್ತದಂತೆ; ಅದರಲ್ಲಿ ಎಲೆ ತುಂಬಿದರೆ, ಹಕ್ಕಿ ಗೂಡು ಕಟ್ಟಿದರೆ, ಗಾಳಿಯಿಲ್ಲದೆ ನೀರು ಒದ್ದಾಡುತ್ತದಂತೆ. ಅಪ್ಪ-ಮಗನಿಗೆ ಮೊದಲ ಬಾರಿ ಒಮ್ಮತವಾಯಿತು: ಚಾವಣಿ ಹತ್ತುವುದು. ಹೊರಗೆ ಮೊಣಕಾಲುದ್ದ ಹಿಮ. ನಾನು ಇಬ್ಬರ ಬೂಟುಗಳನ್ನೂ ಬಚ್ಚಿಟ್ಟೆ.

ಈ ವಿಚಾರಸಂಕಿರಣ ನಡೆದಷ್ಟೂ ದಿನ ಮನೆಯ ಕಾರ್ಯ ನಿಲ್ಲದಂತೆ ನೋಡಿಕೊಂಡವರು ಅತ್ತೆ. ಅವರು ಬಂದ ವಾರವೇ ನಮ್ಮೂರಿನ ನ್ಯೂವಾರ್ಕ್ ಅವೆನ್ಯೂವಿನ ಇಂಡಿಯನ್ ಅಂಗಡಿಯಿಂದ ಬಕೆಟ್ಟು, ಮಗ್ಗು ತರಿಸಿದ್ದರು. ಬಕೆಟ್ಟನ್ನು ಸೊಂಟದೆತ್ತರಕ್ಕೆ ಎತ್ತಿ ಒಂದೇ ಬೀಸಿಗೆ ಸುರಿಯುವರು. ಗುಳುಂ! ಎಲ್ಲ ಮಾಯ. "ಮಾತಾಡ್ತಾ ಕೂತ್ರೆ ನೀರು ಇಳಿಯುತ್ತಾ?"

ಕೊನೆಗೆ ಸೂಪರ್ ಬಂದ. ಕಟ್ಟಡ ನೋಡಿಕೊಳ್ಳುವವನನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಸ್ಲೋಪು, ಕಾನೂನು, ಹಕ್ಕಿಗೂಡು ಮೂರನ್ನೂ ತಾಳ್ಮೆಯಿಂದ ಕೇಳಿ, "ನಿಮ್ಮಲ್ಲಿ ಬಕೆಟ್ ಇದೆಯೇ?" ಅಂದ. ಇಲ್ಲವೆನ್ನುತ್ತಾರೆಂದೇ ಕೇಳಿದ್ದ, ಉಳಿದ ಮನೆಗಳಲ್ಲಿ ಕಸದ ಡಬ್ಬಿ ತೊಳೆದು ಬಳಸಬೇಕಂತೆ. ಅತ್ತೆ ತುಂಬಿದ ಬಕೆಟ್ಟನ್ನೇ ತಂದಿಟ್ಟರು. ಅವನೂ ಸೊಂಟದೆತ್ತರದಿಂದಲೇ ಸುರಿದ. ಗುಳುಂ! ಇದೇ ಮೊದಲ ಪರೀಕ್ಷೆಯಂತೆ: ಬಕೆಟ್ ನೀರು ಸಲೀಸಾಗಿ ಹೋದರೆ ಪೈಪು ನಿರಪರಾಧಿ; ದೋಷ ಟ್ಯಾಂಕಿನಲ್ಲೋ, ಬಟ್ಟಲಿನ ಅಂಚಿನ ಕೆಳಗಿನ ತೂತುಗಳಲ್ಲೋ ಇರುತ್ತದೆ. ನಮ್ಮದರಲ್ಲಿ ಎರಡೂ ಇತ್ತು. ಟ್ಯಾಂಕಿನೊಳಗಿನ ಸರಪಳಿ ಸಡಿಲವಾಗಿ ರಬ್ಬರ್ ಮುಚ್ಚಳ ಪೂರ್ತಿ ಏಳುತ್ತಿರಲಿಲ್ಲ. ಅದನ್ನು ಬಿಗಿಮಾಡಿ, ತೂತುಗಳಲ್ಲಿ ಕಟ್ಟಿದ ಉಪ್ಪಿನ ಗಾರೆಗೆ ರಾತ್ರಿಯಿಡೀ ಬೆಚ್ಚನೆಯ ವಿನೆಗರ್ ಬಿಡಲು ಹೇಳಿ ಹೋದ. ಕುದಿಸಬೇಡಿ, ಪಿಂಗಾಣಿ ಸೀಳೀತು, ಅಂದ.

ರಾತ್ರಿಯಿಡೀ ಯಾರೂ ಫ್ಲಶ್ ಮಾಡಕೂಡದೆಂದು ಯಜಮಾನರು ಬಾಗಿಲಿಗೆ ಚೀಟಿ ಅಂಟಿಸಿದರು. ಚೀಟಿ ಇಂಗ್ಲಿಷಿನಲ್ಲಿತ್ತು, ಮಾವನವರ ಕನ್ನಡಕ ದಿಂಬಿನ ಪಕ್ಕದಲ್ಲಿತ್ತು. ನಡುರಾತ್ರಿ ಎರಡು ಲೀಟರ್ ವಿನೆಗರ್ ಹಡ್ಸನ್ ಕಡೆಗೆ ಹರಿಯಿತು. ಮಾರನೇ ರಾತ್ರಿ ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು.

ಬೆಳಿಗ್ಗೆ ತೂತು ಕೆದಕುವ ಕೆಲಸ. ಆಯುಧಕ್ಕೆ ಬರವಿರಲಿಲ್ಲ, ನಾವೇ ಜೋಡಿಸಿದ ಮೇಜು-ಕುರ್ಚಿಗಳ ಜೊತೆ ಬಂದ ಅಲೆನ್ ಕೀಗಳು ಡ್ರಾಯರ್ ತುಂಬ ಇದ್ದವು. ಆದರೆ ಅಂಚಿನ ಕೆಳಗೆ ಕಾಣಲು ಪುಟ್ಟ ಕನ್ನಡಿ ಬೇಕಿತ್ತು. ಹುಡುಕಾಡಿದ ಯಜಮಾನರು ಸರಿಯಾದ ಅಳತೆಯದನ್ನೇ ಹಿಡಿದು ಬಂದರು: ಗೌರಿ ಬಾಗಿನದ ಕನ್ನಡಿ.

ಆ ಕ್ಷಣ ಹೊಗೆಯೇ ಇಲ್ಲದೆ ಅಲಾರಂ ಹೊಡೆದುಕೊಂಡಂತಾಯಿತು. ಅತ್ತೆಯ ಧ್ವನಿ. ಯಜಮಾನರು ತಮ್ಮ ಶೇವಿಂಗ್ ಕನ್ನಡಿಯನ್ನೇ ಬಲಿ ಕೊಟ್ಟರು. ಆಮೇಲಿಂದ ಗಡ್ಡ ಬಿಟ್ಟಿದ್ದಾರೆ.

ಈಗ ಫ್ಲಶ್ ಮಾಡಿದರೆ ನೀರು ಸುಳಿ ಸುತ್ತಿ ಧುಮ್ಮಿಕ್ಕುತ್ತದೆ. ಮಾವನವರು ದಾವಣಗೆರೆಯ ಹಳೆಯ ಸಹೋದ್ಯೋಗಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಟಾಯ್ಲೆಟ್ಟಿನ ಕಡೆ ತಿರುಗಿಸಿ ತೋರಿಸಿದರು. ಆ ಕಡೆಯವರು ಏನಾಗಿತ್ತು ಎಂದು ಕೇಳಿರಬೇಕು.

"ಏನಿಲ್ಲ ಕಣಯ್ಯ," ಎಂದರು ಮಾವ, "ಸ್ಲೋಪ್ ಸ್ವಲ್ಪ ಎಡವಟ್ಟಾಗಿತ್ತು. ನಿಂತು ಸರಿಮಾಡಿಸಿದೆ."