ಎಸ್‌ಜಿಪಿಟಿ ಎಷ್ಟು ಬಂತು?

ಬೆಂಗಳೂರಿನ ಯಾವ ಬಡಾವಣೆಯ ಪಾರ್ಕಾದರೂ ಸರಿ, ಬೆಳಿಗ್ಗೆ ಆರೂವರೆಗೆ ಹೋಗಿ ಕಲ್ಲುಬೆಂಚಿನ ಹತ್ತಿರ ಸುಮ್ಮನೆ ನಿಂತರೆ ಊರಿನ ಯೋಗಕ್ಷೇಮವೆಲ್ಲ ಕಿವಿಗೆ ಬೀಳುತ್ತದೆ. ಒಂದು ಕಾಲಕ್ಕೆ "ಮಗಂಗೆ ಸಿಇಟಿ ರ‍್ಯಾಂಕ್ ಎಷ್ಟು?" ಎಂದು ವಿಚಾರಿಸುತ್ತಿದ್ದವರು ಈಗ "ನಿಮ್ದು ಎಸ್‌ಜಿಪಿಟಿ ಎಷ್ಟು ಬಂತು ರಾಯರೇ?" ಎನ್ನುತ್ತಾರೆ. ಐವತ್ತೆರಡು ಎಂದವರ ಮುಖ ಸಪ್ಪಗಾಗುತ್ತದೆ. ಮೂವತ್ತೊಂದು ಎಂದವರು ಅವತ್ತು ಎರಡು ಸುತ್ತು ಹೆಚ್ಚಿಗೆ ನಡೆಯುತ್ತಾರೆ. "ನಮ್ಮನೆಯವರದು ಹದಿನೆಂಟೇ ನೋಡಿ, ವಾಕಿಂಗೂ ಇಲ್ಲ ಏನೂ ಇಲ್ಲ, ಕರಿದದ್ದು ಬಿಟ್ಟು ಬೇರೆ ತಿನ್ನಲ್ಲ" ಎಂದು ಹೊಟ್ಟೆ ಉರಿಸಿ ಹೋಗುವ ಮಹಾತಾಯಿಯೂ ಒಬ್ಬರು ಇದ್ದೇ ಇರುತ್ತಾರೆ.

ಈ ಎಸ್‌ಜಿಪಿಟಿ ಒಂದು ಕಿಣ್ವ. ಹೆಚ್ಚಾಗಿ ಲಿವರಿನ ಜೀವಕೋಶಗಳ ಒಳಗೇ ಇದ್ದು ತನ್ನ ಕೆಲಸ ಮಾಡಿಕೊಂಡಿರುವ ಸಂಭಾವಿತ. ಕೋಶಕ್ಕೆ ಪೆಟ್ಟು ಬಿದ್ದಾಗ ಸೋರಿ ರಕ್ತಕ್ಕೆ ಬರುತ್ತದೆ, ಆಗ ಯಂತ್ರದ ಕಣ್ಣಿಗೆ ಬೀಳುತ್ತದೆ. ಕಿಣ್ವಗಳಿಂದ ಕಾಯಿಲೆ ಹಿಡಿಯುವ ವಿದ್ಯೆಯ ತಿರುಳು ಬಹುಮಟ್ಟಿಗೆ ಇಷ್ಟೇ: ಒಳಗಿರಬೇಕಾದ್ದು ಹೊರಗೆ ಬಂದಿದೆ, ಎಲ್ಲೋ ಏನೋ ಒಡೆದಿದೆ. ಯಾಕೆ ಒಡೆಯಿತು ಎಂದು ಕೇಳಬೇಕಾದವರು ಡಾಕ್ಟರು. ಹೊಟ್ಟೆ ಮುಟ್ಟಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಏನು ತಿಂದಿರಿ, ಏನು ಕುಡಿದಿರಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿ, ಆಮೇಲೆ ಟೆಸ್ಟ್ ಬರೆಯುತ್ತಿದ್ದರು. ಈಗ ಆ ಸುತ್ತುದಾರಿ ಬೇಕಿಲ್ಲ. ಮೊದಲು ಟೆಸ್ಟ್, ಆಮೇಲೆ ಗೂಗಲ್, ಆಮೇಲೆ ಪಾರ್ಕು, ಕೊನೆಗೆ ಪುರುಸೊತ್ತಾದರೆ ಡಾಕ್ಟರು.

ಹಬ್ಬ ಹತ್ತಿರ ಬಂದರೆ ಸಾಕು, ಪೇಪರಿನೊಳಗಿಂದ ಬಣ್ಣದ ಕರಪತ್ರ ಜಾರಿ ಬೀಳುತ್ತದೆ: ಯುಗಾದಿ ವಿಶೇಷ, 92 ಟೆಸ್ಟ್, ಗಂಡನಿಗೆ ಮಾಡಿಸಿದರೆ ಹೆಂಡತಿಗೆ ಅರ್ಧ ಬೆಲೆ. ರೇಷ್ಮೆ ಸೀರೆಯ ಅಂಗಡಿಯವರಿಗೂ ಇಷ್ಟು ಉದಾರ ಬುದ್ಧಿ ಬಂದದ್ದಿಲ್ಲ. ಅಮೆರಿಕದಲ್ಲಿರುವ ಮಗ ಅಲ್ಲಿಂದಲೇ ಫೋನಿನಲ್ಲಿ ದುಡ್ಡು ಕಟ್ಟಿ ಅಪ್ಪ ಅಮ್ಮನಿಗೆ ಪ್ಯಾಕೇಜ್ ಬುಕ್ ಮಾಡುತ್ತಾನೆ. ಊರಿಗೆ ಬಂದು ಎರಡು ವಾರ ಇರುವುದಕ್ಕಿಂತ ಇದು ಎಷ್ಟೋ ಅಗ್ಗ.

ತೊಂಬತ್ತೆರಡು ಹೇಗೆ ಆಗುತ್ತದೆ ಎಂದು ವರದಿ ಮುಂದಿಟ್ಟುಕೊಂಡು ಎಣಿಸಿ ನೋಡಿ, ಒಳ್ಳೆ ಕಾಲಕ್ಷೇಪ. ಒಟ್ಟು ಪ್ರೋಟೀನ್ ಒಂದು ಟೆಸ್ಟ್. ಆಲ್ಬುಮಿನ್ ಎರಡನೆಯದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಗ್ಲಾಬ್ಯುಲಿನ್, ಅದು ಮೂರನೆಯದು. ಎರಡನೆಯದನ್ನು ಮೂರನೆಯದರಿಂದ ಭಾಗಿಸಿದರೆ ಎ/ಜಿ ರೇಷಿಯೋ, ನಾಲ್ಕನೆಯದು. ರಕ್ತವನ್ನು ಅಳೆದದ್ದು ಎರಡೇ ಸಲ, ಮಿಕ್ಕಿದ್ದು ಪ್ರೈಮರಿ ಶಾಲೆಯ ಗಣಿತ. ಬಿಲಿರುಬಿನ್ ಒಟ್ಟು ಎಷ್ಟು, ಡೈರೆಕ್ಟ್ ಎಷ್ಟು ಎಂದು ಅಳೆದರೆ ಇನ್‌ಡೈರೆಕ್ಟ್ ತಾನಾಗೇ ಹುಟ್ಟುತ್ತದೆ, ಅದೂ ಒಂದು ಟೆಸ್ಟೇ. ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯನ್ನು ಎಸ್‌ಜಿಪಿಟಿಯಿಂದ ಭಾಗಿಸಿದರೆ ಮತ್ತೊಂದು. ಇನ್ನು ಮೂತ್ರದ ಪುಟಕ್ಕೆ ಬನ್ನಿ. ಬಣ್ಣ: ತಿಳಿ ಹಳದಿ. ಒಂದು ಟೆಸ್ಟ್. ನೋಟ: ಸ್ವಚ್ಛ. ಇನ್ನೊಂದು ಟೆಸ್ಟ್. ಪ್ರಮಾಣ: 20 ಎಂಎಲ್. ಮತ್ತೊಂದು. ಡಬ್ಬಿಗೆ ನೀವೇ ಎಷ್ಟು ತುಂಬಿಸಿ ಕೊಟ್ಟಿರಿ ಎಂಬುದನ್ನು ನಿಮಗೇ ತಿಳಿಸಿ ಲೆಕ್ಕಕ್ಕೆ ಹಿಡಿಯುವ ಈ ಜಾಣ್ಮೆ ಕಂಡರೆ ನಮ್ಮ ಕಾಮಗಾರಿ ಕಂಟ್ರಾಕ್ಟರುಗಳು ಕೈ ಮುಗಿಯಬೇಕು.

ಎಲ್ಲಕ್ಕಿಂತ ಸೊಗಸಿನ ವಿಷಯ ಆ ಕೆಂಪು ಬಾಣದ್ದು. ನಾರ್ಮಲ್ ಎಂಬ ಗೆರೆಯನ್ನು ದೇವರು ಎಳೆದದ್ದಲ್ಲ. ಆರೋಗ್ಯವಾಗಿರುವ ಒಂದಷ್ಟು ಜನರ ರಕ್ತ ಅಳೆದು, ಅವರಲ್ಲಿ ನಡುವಿನ 95% ಮಂದಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತಾರೋ ಅಷ್ಟನ್ನು ನಾರ್ಮಲ್ ಎಂದು ಕರೆಯುವುದು ವಾಡಿಕೆ. ಅಂದರೆ ಗುಂಡುಕಲ್ಲಿನ ಹಾಗಿದ್ದರೂ 5% ಜನ ಗೆರೆಯಾಚೆ ಬೀಳಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ ಆರೋಗ್ಯವಂತನಿಗೂ ಒಂದಾದರೂ ಕೆಂಪು ಬಾಣ ಬರುವ ಸಾಧ್ಯತೆ 64%. ಅಂಥ 50 ಮಾಡಿಸಿದರೆ 92%. ಪ್ಯಾಕೇಜಿನಲ್ಲಿ ಖಾತ್ರಿಯಾಗಿ ಕೈಗೆ ಸಿಗುವ ವಸ್ತು ಇದೊಂದೇ. ಬಾಣ ಬಿದ್ದ ಅರ್ಧ ಗಂಟೆಯೊಳಗೆ ಫೋನು. "ಸರ್, ನಿಮ್ಮ ರಿಪೋರ್ಟಲ್ಲಿ ಮೂರು ಪ್ಯಾರಾಮೀಟರ್ ಔಟ್ ಆಫ್ ರೇಂಜ್ ಇದೆ ಸರ್. ನಮ್ಮ ಡಾಕ್ಟರ್ ಹತ್ರ ಫ್ರೀ ಕನ್ಸಲ್ಟೇಷನ್ ಕೊಡಿಸ್ತೀನಿ ಸರ್. ಅಡ್ವಾನ್ಸ್ಡ್ ಪ್ಯಾನೆಲ್ ಮೇಲೆ ಇವತ್ತು ಮಾತ್ರ ಡಿಸ್ಕೌಂಟ್ ಇದೆ ಸರ್." ನಾಳೆ ಬೆಳಗಾಗುವುದರೊಳಗೆ ಲಿವರ್ ಓಡಿ ಹೋಗಿಬಿಡುತ್ತದೆ ಎನ್ನುವಷ್ಟು ಕಳಕಳಿ ಆ ಹುಡುಗಿಯ ಗಂಟಲಿನಲ್ಲಿರುತ್ತದೆ. ಪಾಪ, ಅವಳಿಗೂ ತಿಂಗಳ ಟಾರ್ಗೆಟ್ ಇದೆ.

ರಕ್ತ ತೆಗೆಯುವ ಘಳಿಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಳಗಿನ ಜಾವ ಬೈಕಿನಲ್ಲಿ ಹುಡುಗ ಬರುತ್ತಾನೆ, ಬೆನ್ನಿಗೆ ಬ್ಯಾಗು. "ಖಾಲಿ ಹೊಟ್ಟೆ ತಾನೇ ಅಂಕಲ್?" "ಹೂಂ ಕಣಪ್ಪ, ಏನೂ ತಿಂದಿಲ್ಲ, ಬರೀ ಒಂದು ಲೋಟ ಕಾಫಿ. ಸಕ್ಕರೆನೂ ಕಮ್ಮಿನೇ ಹಾಕಿದ್ಲು." ನಮ್ಮಲ್ಲಿ ಕಾಫಿ ಆಹಾರದ ಪಟ್ಟಿಗೆ ಸೇರಿದ್ದಲ್ಲ ಎಂದು ಆ ಹುಡುಗನಿಗೂ ಗೊತ್ತು, ಫಾಸ್ಟಿಂಗ್ ಎಂದೇ ಬರೆದುಕೊಳ್ಳುತ್ತಾನೆ. ಅವನ ಬಳಿ ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು: ಸಕ್ಕರೆಗೆ ಬೂದು, ರಕ್ತಕಣ ಎಣಿಸಲು ನೇರಳೆ, ಕಿಣ್ವ ಅಳೆಯಲು ಹಳದಿ. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಎಂಬ ಪೊಟ್ಯಾಸಿಯಮ್ಮಿನ ಲವಣ ಇರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಎಂದು. ಹಳದಿ ಟ್ಯೂಬಿಗೆ ರಕ್ತ ಸಾಲದೆ ಹೋದಾಗ ಅವಸರದ ಹುಡುಗ ನೇರಳೆಯದರಿಂದ ಸ್ವಲ್ಪ ಸುರಿದು ಸರಿದೂಗಿಸಿದನೋ, ವರದಿಯಲ್ಲಿ ಪೊಟ್ಯಾಸಿಯಂ ಆಕಾಶಕ್ಕೇರುತ್ತದೆ. ಕ್ಯಾಲ್ಸಿಯಂ ಪಾತಾಳಕ್ಕಿಳಿಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವಕ್ಕೆ ಕೆಲಸ ಮಾಡಲು ಸತು, ಮೆಗ್ನೀಸಿಯಂ ಬೇಕು. ಅವನ್ನೂ ಇಡಿಟಿಎ ಹಿಡಿದುಕೊಂಡುಬಿಡುವುದರಿಂದ ಅದೂ ನೆಲ ಕಚ್ಚುತ್ತದೆ. ಆ ಕಾಗದ ಓದಿದರೆ ಮನುಷ್ಯ ಬದುಕಿರುವುದೇ ಅನುಮಾನ. ಮನುಷ್ಯ ಮಾತ್ರ ಒಳಗೆ ಇಡ್ಲಿಗೆ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಳ್ಳುತ್ತಿರುತ್ತಾನೆ.

ಸರಿಯಾಗಿಯೇ ತುಂಬಿಸಿದ ಎಂದಿಟ್ಟುಕೊಳ್ಳಿ. ಅಲ್ಲಿಂದ ರಕ್ತ ಸಿಲ್ಕ್ ಬೋರ್ಡ್ ದಾಟಬೇಕು. ಗುಂಡಿ, ಹಂಪು, ಬಿಸಿಲು, ಮೆಟ್ರೋ ಕಾಮಗಾರಿ. ಒರಟಾಗಿ ತೆಗೆದ, ಕುಲುಕಿದ, ಹೊತ್ತು ಮೀರಿದ ರಕ್ತದಲ್ಲಿ ಕೆಂಪು ಕಣಗಳು ಒಡೆಯುತ್ತವೆ, ಅವುಗಳೊಳಗಿದ್ದ ಎಲ್‌ಡಿಎಚ್, ಎಸ್‌ಜಿಒಟಿ, ಪೊಟ್ಯಾಸಿಯಂ ಹೊರಗೆ ಬರುತ್ತವೆ. ಒಳ್ಳೆಯ ಲ್ಯಾಬಿನವರು ತೆಳು ಕೆಂಪಾದ ಸೀರಂ ಕಂಡೊಡನೆ ಇನ್ನೊಂದು ಸ್ಯಾಂಪಲ್ ಕೇಳುತ್ತಾರೆ. ಮಿಕ್ಕವರು ಪ್ರಿಂಟ್ ಒತ್ತುತ್ತಾರೆ. ಬೆಂಗಳೂರಿನ ರಸ್ತೆಗೆ ಬಂದ ಕಾಯಿಲೆ ರಾಯರ ಹೆಸರಿಗೆ ಬರುತ್ತದೆ.

ಎಸ್‌ಜಿಒಟಿಯ ಸೇವಾ ಪುಸ್ತಕ ತೆಗೆದು ನೋಡಿದರೆ ಕನಿಕರವಾಗುತ್ತದೆ. 1954ರಲ್ಲಿ ನ್ಯೂಯಾರ್ಕಿನಲ್ಲಿ ಲಾಡ್ಯೂ, ರೊಬ್ಲೆವ್ಸ್ಕಿ, ಕಾರ್ಮೆನ್ ಎಂಬ ಮೂವರು ಹೃದಯಾಘಾತವಾದವರ ರಕ್ತದಲ್ಲಿ ಅದು ಏರುವುದನ್ನು ತೋರಿಸಿಕೊಟ್ಟರು. ಎದೆನೋವಿಗೆ ರಕ್ತ ಸಾಕ್ಷಿ ಹೇಳಬಲ್ಲದು ಎಂಬುದು ಆ ಕಾಲಕ್ಕೆ ದೊಡ್ಡ ಸಂಗತಿ. ಬಹಳ ಕಾಲ ಹೃದಯ ಇಲಾಖೆಯಲ್ಲಿ ಠೀವಿಯಿಂದ ಓಡಾಡಿಕೊಂಡಿತ್ತು. ಆಮೇಲೆ ದೂರುಗಳು ಶುರುವಾದವು: ಇದು ಲಿವರಿನಲ್ಲೂ ಇದೆ, ಮಾಂಸಖಂಡದಲ್ಲೂ ಇದೆ, ಕೆಂಪು ರಕ್ತಕಣದಲ್ಲೂ ಇದೆ, ಎಲ್ಲಿ ಗಲಾಟೆಯಾದರೂ ಬಂದು ನಿಲ್ಲುತ್ತದೆ. ಆ ಜಾಗಕ್ಕೆ ಸಿಕೆ-ಎಂಬಿ ಬಂತು, ಅದರ ಮೇಲೆ ಟ್ರೋಪೋನಿನ್ ಬಂತು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರು ಹೃದಯಾಘಾತದ ವ್ಯಾಖ್ಯೆಯನ್ನೇ ತಿದ್ದಿ ಟ್ರೋಪೋನಿನ್ನಿಗೆ ಪಟ್ಟ ಕಟ್ಟಿದರು. ಎಸ್‌ಜಿಒಟಿ ಸದ್ದಿಲ್ಲದೆ ಲಿವರ್ ವಿಭಾಗಕ್ಕೆ ವರ್ಗವಾಯಿತು. ಟ್ರೋಪೋನಿನ್ ಕಿಣ್ವವೇ ಅಲ್ಲ, ಹೃದಯದ ಸ್ನಾಯುವಿನ ಒಂದು ಪ್ರೋಟೀನ್. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಅದನ್ನು ಕರೆಯುವುದು 'ಕಾರ್ಡಿಯಾಕ್ ಎನ್‌ಜೈಮ್ಸ್' ಎಂದೇ. ಅಧಿಕಾರಿ ಬದಲಾದರೂ ಬಾಗಿಲ ಮೇಲಿನ ಬೋರ್ಡು ಬದಲಾಗುವುದಿಲ್ಲ.

ಹೊಸ ಇಲಾಖೆಯಲ್ಲೂ ಅದರ ಹಳೇ ಚಾಳಿ ಬಿಟ್ಟಿಲ್ಲ. ಜಿಮ್ಮಿಗೆ ಸೇರಿದ ಹುಡುಗ ಭಾರ ಎತ್ತಿದ ಮರುದಿನ ರಕ್ತ ಕೊಟ್ಟರೆ ಎಸ್‌ಜಿಒಟಿ ತೊಂಬತ್ತು ದಾಟಿರುತ್ತದೆ. ಅಪ್ಪ ವರದಿ ಹಿಡಿದು, "ನಿಜ ಹೇಳು, ಕುಡೀತೀಯೇನೋ?" ಸಿಕೆ ಎಂಬ ಇನ್ನೊಂದು ಕಿಣ್ವ ನೋಡಿದ್ದರೆ ಅದು ತೊಡೆಯ ಸ್ನಾಯುವಿನ ಕೆಲಸ ಎಂದು ಗೊತ್ತಾಗುತ್ತಿತ್ತು. ಅದು ಪ್ಯಾಕೇಜಿನಲ್ಲಿಲ್ಲ. ಮೂತ್ರದ ಬಣ್ಣ ಇದೆ.

ಕ್ಯಾನ್ಸರ್ ಮಾರ್ಕರ್ ಸೇರಿಸಿದ ಪ್ಯಾಕೇಜುಗಳ ದೌಲತ್ತೇ ಬೇರೆ. ಸಿಎ-125 ಮುಟ್ಟಿನ ದಿನಗಳಲ್ಲೂ ಏರಬಹುದು, ಗರ್ಭಿಣಿಯರಲ್ಲೂ ಏರಬಹುದು. ಪಿಎಸ್‌ಎಯೂ ಒಂದು ಕಿಣ್ವವೇ, ವಯಸ್ಸಿಗೆ ಪ್ರಾಸ್ಟೇಟ್ ಊದಿಕೊಂಡರೂ ಏರುತ್ತದೆ, ಸೋಂಕಾದರೂ ಏರುತ್ತದೆ. 1970ರಲ್ಲಿ ಪ್ರಾಸ್ಟೇಟ್ ಆಂಟಿಜೆನ್ ಗುರುತಿಸಿದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ಗಂಡಸರಿಗೆಲ್ಲ ಸಾಮೂಹಿಕವಾಗಿ ಈ ಟೆಸ್ಟ್ ಮಾಡುತ್ತಿರುವುದು ಲಾಭಕೋರರು ತಂದಿಟ್ಟ ಅನಾಹುತ ಎಂದು ಗೋಳಾಡಿದರು. ಕ್ಯಾನ್ಸರ್ ಬಂದವರ ಚಿಕಿತ್ಸೆ ಹೇಗೆ ನಡೆದಿದೆ ಎಂದು ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಕರಪತ್ರದಲ್ಲಿ ಅಷ್ಟುದ್ದ ಬರೆಯಲು ಜಾಗವಿರುವುದಿಲ್ಲ.

ಎಸ್‌ಜಿಪಿಟಿ ಏರಿದ ಮೇಲೆ ನಮ್ಮ ಜನ ಸುಮ್ಮನೆ ಕೂರುವವರಲ್ಲ. ಲಿವರ್ ಡಿಟಾಕ್ಸ್ ಮಾಡುತ್ತಾರೆ. ಬೆಳಿಗ್ಗೆ ಎದ್ದು ಹಾಗಲಕಾಯಿ ರಸ, ಆಮೇಲೆ ಅಮೃತಬಳ್ಳಿ ಕಷಾಯ, ಯಾರೋ ಫಾರ್ವರ್ಡ್ ಮಾಡಿದ ಹೆಸರಿಲ್ಲದ ಪುಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟಾದವರ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಜಟಾಪಟಿ ನಡೆಯಿತು. ಕಷಾಯ ನಿಲ್ಲಲಿಲ್ಲ. ಮುಂದಿನ ವರದಿಯಲ್ಲಿ ಸಂಖ್ಯೆ ಇಳಿದರೆ ಕಷಾಯದ ಮಹಿಮೆ, ಏರಿದರೆ ಡೋಸ್ ಸಾಲದು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯ ಕಥೆ ಇನ್ನೂ ಚೆಂದ: ಅದು ಕೆಲವು ಯಂತ್ರಗಳಲ್ಲಿ ಟ್ರೋಪೋನಿನ್ ಇದ್ದರೂ ಇಲ್ಲವೆಂದು ತೋರಿಸಬಹುದೆಂದು 2017ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಸಿತು. ಹೃದಯ ಹೋದರೂ ತಲೆಗೂದಲಿಗೆ ಮೋಸವಿಲ್ಲ.

ಅಮೆರಿಕದವರದು ನಮಗಿಂತ ದೊಡ್ಡ ಕೈ. ಎಲಿಜಬೆತ್ ಹೋಮ್ಸ್ 2003ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ಕಾಲೇಜು ಬಿಟ್ಟು ಥೆರಾನೋಸ್ ಶುರು ಮಾಡಿದರು. ಬೆರಳಿನ ತುದಿಯ ಒಂದೆರಡು ಹನಿಯಲ್ಲಿ ನೂರಾರು ಟೆಸ್ಟ್ ಎಂದರು, ಕಂಪನಿಯ ಬೆಲೆ 900 ಕೋಟಿ ಡಾಲರಿಗೆ ಏರಿತು. ಯಂತ್ರಕ್ಕೆ ಅಷ್ಟೆಲ್ಲ ಬರುತ್ತಿರಲಿಲ್ಲ ಎಂಬುದು 2015ರಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. 2022ರಲ್ಲಿ ನ್ಯಾಯಾಲಯ ಹನ್ನೊಂದು ವರ್ಷಕ್ಕೂ ಮೀರಿದ ಜೈಲು ವಿಧಿಸಿತು. ಯಾವ ತಪ್ಪಿಗೆ ಗೊತ್ತೇ? ದುಡ್ಡು ಹೂಡಿದವರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಮಾಡಿದ ಆರೋಪಗಳಿಂದ ಖುಲಾಸೆ. ನಮ್ಮಲ್ಲಿ ಯಂತ್ರದ ರಗಳೆಯೇ ಬೇಡವೆಂದು ರಕ್ತವನ್ನು ನೇರ ಸಿಂಕಿಗೆ ಸುರಿದು, ನಾರ್ಮಲ್ ಅಂಕಿ ಟೈಪ್ ಮಾಡಿ ಕೊಡುವ ಒಂದು ಪದ್ಧತಿ ಉಂಟು. ಈ ದಂಧೆ ಬಲ್ಲವರು ಅದಕ್ಕೆ 'ಸಿಂಕ್ ಟೆಸ್ಟ್' ಎನ್ನುತ್ತಾರೆ. ಹತ್ತು ಟೆಸ್ಟಿಗೆ ಚೀಟಿ ಬರೆದ ಡಾಕ್ಟರಿಗೆ ಕಟ್ ಹೋಗಬೇಕು, ರೀಏಜೆಂಟಿಗೂ ದುಡ್ಡು ಬೇಕು ಎಂದರೆ ಲ್ಯಾಬಿನವನೂ ಬದುಕಬೇಡವೇ? ದೇಶದಲ್ಲಿ ಎನ್‌ಎಬಿಎಲ್ ಮಾನ್ಯತೆ ಎಂಬುದೊಂದಿದೆ, ಲ್ಯಾಬಿನವರು ಮನಸ್ಸಿದ್ದರೆ ಪಡೆಯಬಹುದು. ಪಡೆಯಲೇಬೇಕೆಂಬ ಒತ್ತಾಯವೇನಿಲ್ಲ.

ಇನ್ನು ಎದೆಯ ವಿಷಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಾಡೆಲ್ಲ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿತು. 2025ರ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳನ್ನು ಟಿವಿಯವರು ದಿನಕ್ಕಿಷ್ಟು ಎಂದು ಸ್ಕೋರ್‌ಬೋರ್ಡ್ ಹಾಕಿ ತೋರಿಸತೊಡಗಿದಾಗ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ಗಾಬರಿಯಾಗಬೇಡಿ ಎಂದು ವೈದ್ಯರು ಕೈಮುಗಿದು ಕೇಳಿಕೊಂಡರು. ಸಾಲಿನಲ್ಲಿದ್ದ ಬಹಳ ಜನಕ್ಕೆ ನೋವಿರಲಿಲ್ಲ, ಟಿವಿ ಇತ್ತು.

ಟ್ರೋಪೋನಿನ್ ಜ್ಯೋತಿಷ್ಯ ಹೇಳುವುದಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದ ಕೆಲವು ಗಂಟೆಗಳಲ್ಲಿ ರಕ್ತದಲ್ಲಿ ಏರತೊಡಗುತ್ತದೆ, ಆಮೇಲೆ ಕೆಲವು ದಿನ ಉಳಿಯುತ್ತದೆ. ನೋವು ಶುರುವಾದ ಕೂಡಲೇ ನೋಡಿದರೆ ನಾರ್ಮಲ್ಲೇ ಬರಬಹುದು, ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುತ್ತಾರೆ, ಏರುತ್ತಿದೆಯೋ ಇಲ್ಲವೋ ಎಂದು. ಇಸಿಜಿಯಲ್ಲೇ ನಿಚ್ಚಳವಾಗಿ ಕಂಡರೆ ಅದಕ್ಕೂ ಕಾಯುವುದಿಲ್ಲ. ಅಂದರೆ ಈ ಟೆಸ್ಟಿಗೆ ಬೆಲೆ ಬರುವುದು ಎದೆ ಹಿಂಡುತ್ತಿರುವ ಮನುಷ್ಯ ಆಸ್ಪತ್ರೆಯ ಮಂಚದ ಮೇಲಿದ್ದಾಗ. ಆ ಮನುಷ್ಯನೊಬ್ಬನೇ ಸಾಲಿನಲ್ಲಿ ಕಾಣುವುದಿಲ್ಲ. ಯಾಕೆಂದರೆ ಅವನಿಗೆ ಆಗಿರುವುದು ಗ್ಯಾಸ್ಟ್ರಿಕ್. ಕರ್ನಾಟಕದಲ್ಲಿ ಹೃದಯಾಘಾತ ಟಿವಿಯಲ್ಲಿ ಬೇರೆಯವರಿಗೆ ಆಗುತ್ತದೆ, ನಮಗೆ ಆಗುವುದೆಲ್ಲ ಗ್ಯಾಸ್ಟ್ರಿಕ್ಕೇ.

ಛತ್ರದ ಊಟದ ಪಂಕ್ತಿಯಿಂದ ಎದ್ದು ಕಂಬಕ್ಕೊರಗಿ ಕೂತವರ ಹಣೆಯಲ್ಲಿ ಬೆವರು ಕಿತ್ತು ಬರುತ್ತಿರುತ್ತದೆ, ಎಡಗೈ ಜೋಮು. ಸುತ್ತ ನೆರೆದ ಬಂಧುಗಳಲ್ಲಿ ಒಬ್ಬರು ಈನೋ ತರಿಸುತ್ತಾರೆ, ಒಬ್ಬರು ಜೀರಿಗೆ ನೀರು, ಒಬ್ಬರು ಬೆನ್ನು ನೀವಿ, "ಕೋಸಂಬರಿ ಹೆಚ್ಚಾಯ್ತು ಅಷ್ಟೇ, ಒಂದು ತೇಗು ಬಂದ್ರೆ ಸರಿಹೋಗತ್ತೆ ಭಾವ" ಎನ್ನುತ್ತಾರೆ. ಹೆಂಡತಿಗೆ ಮಾತ್ರ ಯಾಕೋ ಸಮಾಧಾನವಿಲ್ಲ. "ರೀ, ಇಲ್ಲೇ ಎದುರಿಗೇ ಆಸ್ಪತ್ರೆ ಇದೆ, ಒಂದು ಇಸಿಜಿ ಮಾಡಿಸ್ಕೊಂಡು ಬಂದುಬಿಡೋಣ ಏಳಿ."

ಭಾವನವರು ನಡುಗುವ ಕೈಯಲ್ಲೇ ಜೇಬಿನಿಂದ ಫೋನು ತೆಗೆದು ಪಿಡಿಎಫ್ ತೆರೆಯುತ್ತಾರೆ.

"ಸುಮ್ನಿರೇ, ಹೋದ ವಾರ ತಾನೇ ಮಾಡಿಸಿದೀನಿ, ತೊಂಬತ್ತೆರಡು ಟೆಸ್ಟು. ಇಲ್ನೋಡು, ಮೂತ್ರದ ಬಣ್ಣದ ಸಮೇತ ಎಲ್ಲಾ ನಾರ್ಮಲ್ ಇದೆ. ಇನ್ನೊಂದು ಸೋಡಾ ಹೇಳು."