ಗ್ರಾಮಣ್ಣ

ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಕೈಗೆ ಬಂದರೆ ಕೆಲವರು ಬೆಲೆ ನೋಡುತ್ತಾರೆ, ಕೆಲವರು ತಾರೀಕು ನೋಡುತ್ತಾರೆ, ಮಕ್ಕಳು ಪುಡಿಯಾಗಿದೆಯೋ ಎಂದು ಅಲ್ಲಾಡಿಸಿ ನೋಡುತ್ತವೆ. ಈಚೆಗೆ ಇನ್ನೊಂದು ಪಂಗಡ ಹುಟ್ಟಿಕೊಂಡಿದೆ. ಇವರು ಪೊಟ್ಟಣ ಸಿಕ್ಕಿದ ಕೂಡಲೇ ಅದನ್ನು ಬೋರಲು ಹಾಕುತ್ತಾರೆ. ಹಿಂಬದಿಯ ಸಣ್ಣಕ್ಷರದ ಪಟ್ಟಿಯನ್ನು ಹುಬ್ಬು ಗಂಟಿಕ್ಕಿಕೊಂಡು ಓದುತ್ತಾರೆ. ಆಮೇಲೆ ಅಂಗಡಿಯವನನ್ನು ಕನಿಕರದಿಂದ ನೋಡಿ, "ನೂರು ಗ್ರಾಮಿಗೆ ಏಳೇ ಗ್ರಾಂ ಪ್ರೋಟೀನಾ?" ಎಂದು ಪೊಟ್ಟಣವನ್ನು ಇದ್ದ ಜಾಗಕ್ಕೇ ಇಡುತ್ತಾರೆ. ಅಂಗಡಿಯವನು ಆ ಹಿಂಬದಿಯನ್ನು ಯಾವತ್ತೂ ಓದಿದವನಲ್ಲ. ತಾನೇ ಏನೋ ಕಲಬೆರಕೆ ಮಾಡಿಬಿಟ್ಟೆನೇನೋ ಎಂದು ಪಾಪ ಬೆವರುತ್ತಾನೆ.

ಈ ಪಂಗಡದವರನ್ನು ಗುರುತಿಸುವುದು ಸುಲಭ. ಮದುವೆ ಮನೆಯಲ್ಲಿ ಕೋಸಂಬರಿಯವನನ್ನು ಮೂರು ಸಲ ಕರೆದು, ಲಾಡಿನವನಿಗೆ ಎಲೆಯ ಮೇಲೆ ಕೈ ಅಡ್ಡ ಇಡುತ್ತಾರೆ. ಬೀಗರೂಟದಲ್ಲಿ ಮಾಂಸದ ತುಂಡಿನ ಕೊಬ್ಬನ್ನು ಬಿಡಿಸಿ ಪಕ್ಕದವನ ಎಲೆಗೆ ದಾನ ಮಾಡುತ್ತಾರೆ. ಮೊಟ್ಟೆಯಲ್ಲಿ ಬಿಳಿ ತಿಂದು ಹಳದಿ ಬಿಡುತ್ತಾರೆ. ನಾನು ಬಹಳ ಬೀಗರೂಟಗಳಲ್ಲಿ ಆ ಪಕ್ಕದವನಾಗಿ ಕೂತಿದ್ದೇನೆ. ಒಂದು ಮೊಟ್ಟೆಯ ಆರು ಗ್ರಾಂ ಪ್ರೋಟೀನಿನಲ್ಲಿ ಎರಡೂವರೆ ಗ್ರಾಮಿನಷ್ಟು ಹಳದಿಯಲ್ಲೇ ಇರುತ್ತದೆ ಎಂಬ ವಿಚಾರ ನನಗೆ ಗೊತ್ತು. ಹೇಳಿಲ್ಲ. ಹೇಳಿದರೆ ಹಳದಿ ನನ್ನ ಎಲೆಗೆ ಬರುವುದು ನಿಂತುಹೋಗುತ್ತದೆ.

ನನ್ನ ಪಾಲಿಗೆ ಬಂದಿರುವವನು ನನ್ನ ಹೆಂಡತಿಯ ತಮ್ಮ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ಬಂತೆಂದರೆ ಕನಕಪುರ ರಸ್ತೆ ಹಿಡಿದು ಉಯ್ಯಂಬಳ್ಳಿಯ ಅಕ್ಕನ ಮನೆಗೆ ಬಂದುಬಿಡುತ್ತಾನೆ. 2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟ ಮೇಲಂತೂ ಅವನಿಗೆ ಇದು ಪರಸ್ಥಳ ಎಂಬ ಸಂಕೋಚವೇ ಉಳಿದಿಲ್ಲ. ಬ್ಯಾಗಿನಲ್ಲಿ ಬಟ್ಟೆ ಕಡಿಮೆ, ಸರಂಜಾಮು ಹೆಚ್ಚು: ಅಂಗೈಯಗಲದ ತಕ್ಕಡಿ, ಕುಲುಕುವ ಬಾಟಲಿ, ಮತ್ತೆ ಮಗುವಿನಷ್ಟು ಜೋಪಾನವಾಗಿ ಎತ್ತಿ ತರುವ ಕಪ್ಪು ಡಬ್ಬಿ. ಆ ಡಬ್ಬಿಯಲ್ಲಿರುವುದು ವೇ ಪ್ರೋಟೀನ್ ಪುಡಿ. ಅದರ ಬೆಲೆ ಕೇಳಿದ ದಿನ ನಮ್ಮವ್ವ, "ಅಷ್ಟು ದುಡ್ಡಿಗೆ ಒಂದು ಕುರಿಮರಿ ಬತ್ತಿತ್ತಲ್ಲಪ್ಪ" ಅಂದಿದ್ದಳು. ಏನು ಬಡಿಸಿದರೂ "ಇದ್ರಲ್ಲಿ ಎಷ್ಟು ಗ್ರಾಂ ಬರ್ಬೋದು ಭಾವ?" ಎಂದು ಕೇಳುವ ಚಾಳಿ ನೋಡಿ ಡೈರಿ ಹತ್ತಿರದ ಹುಡುಗರು ಅವನಿಗೆ ಗ್ರಾಮಣ್ಣ ಎಂದು ಹೆಸರಿಟ್ಟರು. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ವಾರವಿಡೀ ಲೆಕ್ಕ ಮಾಡಿ ಭಾನುವಾರ ಊಟಕ್ಕೆ ಕೂತರೆ ಅಲ್ಲೂ ಲೆಕ್ಕ.

ದೊಡ್ಡವರಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹೇಳಿದ್ದಾರೆ. ಇದು ಅವನ ಗಾಯತ್ರಿ. ಮನೆಯ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಅವ್ವ 45 ಕೆಜಿ, ಅವಳಿಗೆ 37 ಗ್ರಾಂ. ನಾನು 80 ಕೆಜಿ, ನನಗೆ 66 ಗ್ರಾಂ. "ನಿಮಗೆ ಜಾಸ್ತಿ ಬೇಕು ಭಾವ" ಅಂದಾಗ ಸಂತೋಷವಾಯಿತು. "ಆದ್ರೆ ನೀವು ಈಗ ತಿಂತಿರೋದ್ರಲ್ಲಿ ಅರ್ಧ ಬಿಡ್ಬೇಕು" ಅಂದಾಗ ಇಳಿದುಹೋಯಿತು.

ನಮ್ಮ ಮನೆಯಲ್ಲಿ ಎರಡು ಸೀಮೆ ಹಸು ಇವೆ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತೇವೆ. ಹಾಲು ಹಾಕುವ ಯಾರನ್ನೇ ಕೇಳಿ, ಫ್ಯಾಟು 3.5, ಎಸ್‌ಎನ್‌ಎಫ್ 8.5 ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಫ್ಯಾಟು ಏರಿದರೆ ದುಡ್ಡು ಏರುತ್ತದೆ, ಇಳಿದರೆ ಮುಖ ಇಳಿಯುತ್ತದೆ. ಆ ಒಂದು ಪಾಯಿಂಟು ಏರಲಿ ಎಂದು ಅವ್ವ ಹಸುವಿಗೆ ಹಿಂಡಿ, ಹತ್ತಿಬೀಜ, ಹಸಿಮೇವು ಎಂದು ಓಡಾಡುತ್ತಾಳೆ. ಇಂಥ ಮನೆಯ ಅಂಗಳಕ್ಕೆ ಗ್ರಾಮಣ್ಣ ಒಂದು ಶನಿವಾರ ನಂದಿನಿಯ ನೀಲಿ ಪಾಕೀಟು ಹಿಡಿದುಕೊಂಡು ಬಂದ. "ಟೋನ್ಡ್ ಹಾಲು ಅತ್ತೆ. ಫ್ಯಾಟ್ ಮೂರೇ ಪರ್ಸೆಂಟು." ಕೊಟ್ಟಿಗೆಯಲ್ಲಿ ಹಸು ನಿಂತಿದೆ, ಕೈಯಲ್ಲಿ ಪಾಕೀಟು. ನಮ್ಮ ಕ್ಯಾನಿನಿಂದಲೇ ಹೋದ ಹಾಲು ಅರ್ಧ ಪರ್ಸೆಂಟು ಕೊಬ್ಬು ಕಳಕೊಂಡು, ಪ್ಲಾಸ್ಟಿಕ್ ಉಟ್ಟುಕೊಂಡು, ಕಾರಿನಲ್ಲಿ ಕೂತು ತವರಿಗೆ ಬಂದಿದ್ದರೂ ಬಂದಿರಬಹುದು. ಅವ್ವ ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು: "ಫ್ಯಾಟ್ ಕಮ್ಮಿ ಐತೆ ಅಂತ ದುಡ್ಡೂ ಕಮ್ಮಿ ಮಾಡ್ಕೊಂಡ್ರಾ?"

ಇಷ್ಟೆಲ್ಲ ಪೀಠಿಕೆ ಆಲೂಗಡ್ಡೆಗಾಗಿ.

ಕಂಪನಿಯವರು ಅವನನ್ನು ಯಾವುದೋ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಮ್ಯಾಶ್ಡ್ ಪೊಟ್ಯಾಟೊ ತಿಂದ. ಬೇಯಿಸಿದ ಆಲೂಗಡ್ಡೆಯನ್ನು ನುಣ್ಣಗೆ ಮಸೆದು ಬೆಣ್ಣೆ, ಕ್ರೀಮು ಸುರಿದು ಮಾಡುವ ದೊರೆಗಳ ಪಲ್ಯ. ಮನಸೋತ. ರಾತ್ರಿ ಲೆಕ್ಕ ಹಾಕಿ ಮನ ಮುರಿದುಕೊಂಡ. ನೂರು ಗ್ರಾಂ ಆಲೂಗಡ್ಡೆಯಲ್ಲಿ 77 ಕ್ಯಾಲೊರಿ, ಪ್ರೋಟೀನು ಎರಡೇ ಗ್ರಾಂ. ನೂರು ಗ್ರಾಂ ಬೆಣ್ಣೆಯಲ್ಲಿ 700ಕ್ಕೂ ಮೇಲೆ ಕ್ಯಾಲೊರಿ, ಪ್ರೋಟೀನು ಇಲ್ಲವೆಂದೇ ಹೇಳಬೇಕು. ತಿನ್ನದೆ ಇರಲಾರ, ತಿಂದು ಮಲಗಲಾರ. ಆ ನುಣುಪೂ ಇರಬೇಕು, ಕೊಬ್ಬೂ ಇರಬಾರದು, ಪ್ರೋಟೀನೂ ಸೇರಬೇಕು ಎಂದು ಸಂಕಲ್ಪ ಮಾಡಿ, ಪ್ರಯೋಗಕ್ಕೆ ಬಡಪಾಯಿ ಅಕ್ಕನ ಅಡುಗೆಮನೆಯನ್ನು ಆರಿಸಿಕೊಂಡ.

ಮೊದಲ ಸಲ ಬೆಂದ ಗಡ್ಡೆಯನ್ನು ಮಿಕ್ಸಿಗೆ ಹಾಕಿದ. ನುಣ್ಣಗಾಗಲಿ ಎಂದು ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಜಾರಿನಿಂದ ಹೊರಬಂದದ್ದು ಚುನಾವಣೆಯಲ್ಲಿ ಗೋಡೆಗೆ ಪೋಸ್ಟರ್ ಮೆತ್ತುವ ಸರಿಯಂತಿತ್ತು. ಚಮಚ ಎತ್ತಿದರೆ ಬಟ್ಟಲೂ ಎದ್ದು ಬರುತ್ತಿತ್ತು. ತಪ್ಪೆಲ್ಲಿ ಎಂದು ಫೋನಿನಲ್ಲಿ ಓದಿ ನಮಗೂ ತಿಳಿಸಿದ. ಮಿಕ್ಸಿಯ ಬ್ಲೇಡು ಗಡ್ಡೆಯ ಕಣಕಣವನ್ನೂ ಹರಿಯುತ್ತದಂತೆ, ಒಳಗಿನ ಪಿಷ್ಟವೆಲ್ಲ ಹೊರಬಂದು ಅಂಟಾಗುತ್ತದಂತೆ. ಕೈಯಲ್ಲಿ ಮೆಲ್ಲಗೆ ಮಸೆದರೆ ಕಣ ಒಡೆಯದೆ ಬಿಡಿಬಿಡಿಯಾಗುತ್ತದಂತೆ. "ಮಿಕ್ಸಿ ತೊಳೆಯೋದು ಹೆಂಗೆ ಅಂತ ಬರ್ದಿಲ್ವಾ?" ಎಂದು ನನ್ನ ಹೆಂಡತಿ ಕೇಳಿದಳು. ಅದು ಬರೆದಿರಲಿಲ್ಲ.

ಮುಂದಿನ ವಾರ ಬೆಣ್ಣೆ ಕ್ರೀಮಿನ ಬದಲಿಗೆ ಮೊಸರು ಬಂತು. ನೂರು ಗ್ರಾಂ ಮೊಸರಿನಲ್ಲಿ ಮೂರು ಗ್ರಾಂ ಚಿಲ್ಲರೆ ಪ್ರೋಟೀನು. ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ನೀರು ಇಳಿಸಿ ಅರ್ಧಕ್ಕೆ ತಂದರೆ ಅದೇ ತೂಕಕ್ಕೆ ಹೆಚ್ಚುಕಡಿಮೆ ಇಮ್ಮಡಿ. ಲೆಕ್ಕ ಸರಿಯಾಗಿಯೇ ಇತ್ತು, ಮೇಷ್ಟ್ರಾಗಿ ನಾನು ರುಜು ಹಾಕಬಲ್ಲೆ. ಅಕ್ಕನ ಹಳೆಯ ವಾಯಿಲ್ ಸೀರೆಯ ತುಂಡು ಕೇಳಿ ಪಡೆದು ಶನಿವಾರ ರಾತ್ರಿ ನಡುಮನೆಯ ತೊಲೆಗೆ ಮೊಸರಿನ ಗಂಟು ಕಟ್ಟಿದ. ಕೆಳಗೆ ಪಾತ್ರೆ. ರಾತ್ರಿಯೆಲ್ಲ ತೊಟ್ ತೊಟ್. ಮಳೆ ಬಂತು, ಹೆಂಚು ಸೋರುತ್ತಿದೆ ಎಂದು ನಾನು ಎದ್ದು ಕೂತೆ. ಬೆಳಗ್ಗೆ ಗಂಟನ್ನು ಬಿಚ್ಚಿ, ಉರಿಯುವ ಒಲೆಯ ಮೇಲಿದ್ದ ಆಲೂಗಡ್ಡೆಗೇ ಸುರಿದ. ಮೊಸರು ಒಡೆದು ಕಾಳುಕಾಳಾಯಿತು. ಅದನ್ನೂ ತಿಂದೆವು. ಬಂಧುತ್ವ ಎಂದ ಮೇಲೆ ತಿನ್ನಬೇಕು.

ನಾನು ಹೇಳಬೇಕೆಂದಿದ್ದದ್ದು ಪಾತ್ರೆಯಲ್ಲಿ ಇಳಿದ ಆ ತಿಳಿನೀರಿನ ಕಥೆ. ಗ್ರಾಮಣ್ಣ ಅದನ್ನು ಬಚ್ಚಲಿಗೆ ಚೆಲ್ಲಲು ಹೊರಟಿದ್ದ. ಅವ್ವ ಕಿತ್ತುಕೊಂಡು ಕೊಟ್ಟಿಗೆಗೆ ಹೋಗಿ ಕರುವಿನ ಬಾನಿಗೆ ಸುರಿದಳು. ಆ ವಾರ ನಾನು ಸುಮ್ಮನೆ ಕುತೂಹಲಕ್ಕೆ ಅವನ ಕಪ್ಪು ಡಬ್ಬಿಯನ್ನು ಅವನಂತೆಯೇ ಬೋರಲು ಹಾಕಿ ಓದಿದೆ. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿದೆ. ವೇ ಅಂದರೆ ಬೇರೇನಲ್ಲ. ಹಾಲು ಒಡೆಸಿ ಚೀಸು ಮಾಡುವಾಗ ಉಳಿಯುವ ತಿಳಿನೀರೇ ವೇ. ಅದನ್ನು ಸೋಸಿ, ಒಣಗಿಸಿ, ಚಾಕೊಲೇಟ್ ವಾಸನೆ ಕೊಟ್ಟು ಡಬ್ಬಿಗೆ ತುಂಬುತ್ತಾರೆ. ಅಂದರೆ ನಮ್ಮ ಭಾವಮೈದುನ ಶನಿವಾರ ರಾತ್ರಿ ತೊಲೆಯಿಂದ ಒಂದಿಷ್ಟು ವೇ ಇಳಿಸಿ, ಭಾನುವಾರ ಬೆಳಗ್ಗೆ ಬಚ್ಚಲಿಗೆ ಚೆಲ್ಲಿ, ಸಾವಿರಾರು ರೂಪಾಯಿಯ ಅದೇ ವೇಯನ್ನು ಬಾಟಲಿಯಲ್ಲಿ ಕುಲುಕಿ ಕುಡಿಯುವ ಏರ್ಪಾಡು ಮಾಡಿಕೊಂಡಿದ್ದ. ಇದನ್ನು ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಆ ನೀರಿನ ಮೇಲೆ ಎಷ್ಟು ಗ್ರಾಂ ಅಂತ ಬರ್ದಿರಲ್ಲ ಅಲ್ವಾ ಭಾವ" ಅಂದ.

ಅವನ ತೊಂದರೆಯೇ ಅದು. ಹಿಂಬದಿ ಇಲ್ಲದ್ದನ್ನು ಅವನು ನಂಬುವುದಿಲ್ಲ. ಹುರುಳಿಕಾಳು, ಅವರೆಕಾಳು ಒಣಗಿದ ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿಗೂ ಮಿಕ್ಕಿ ಪ್ರೋಟೀನು ಇಟ್ಟುಕೊಂಡಿವೆ. ಆದರೆ ಸಂತೆಯಲ್ಲಿ ಸೇರಿನಲ್ಲಿ ಅಳೆದು ಚೀಲಕ್ಕೆ ಸುರಿಯುವ ಕಾಳಿಗೆ ಹಿಂಬದಿ ಎಲ್ಲಿಂದ ಬರಬೇಕು? ಹುರುಳಿ ಸಾರಿನ ಮುಂದೆ ಕೂತು ಡಬ್ಬಿ ಬಿಚ್ಚುತ್ತಾನೆ. ಹಾಗೆ ನೋಡಿದರೆ ಈ ಸೀಮೆಗೆ ಪ್ರೋಟೀನು ಹೊಸದೇ? ಮನೆಮನೆಯಲ್ಲೂ ಹುಳು ಸಾಕಿದವರು ನಾವು. ಹಿಪ್ಪುನೇರಳೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹೊತ್ತವರು. ರೇಷ್ಮೆ ಎಳೆ ಅಂದರೆ ಅಪ್ಪಟ ಪ್ರೋಟೀನು. ನಾವು ಅದನ್ನು ಊರಿಗೆಲ್ಲ ಉಡಿಸಿದೆವು, ತಿನ್ನುವುದು ಹೊಳೆಯಲಿಲ್ಲ, ಅಷ್ಟೆ.

ಒಂದು ಭಾನುವಾರ ಅವನು ಬೆಣ್ಣೆ ಇಲ್ಲದ ಊಟದ ಮಹಿಮೆ ವಿವರಿಸುತ್ತಿದ್ದಾಗ ಅವ್ವ ಅವರೆಕಾಯಿ ಸುಲಿಯುತ್ತ ಅಂದಳು: "ಬೆಣ್ಣೆ ಬುಟ್ಟು ಉಣ್ಣೋದು ನಮಗೇನು ಹೊಸದು ಕಣಪ್ಪ? ಇವ್ನು ಚಿಕ್ಕವ್ನಾಗಿದ್ದಾಗ ಕಡೆದ ಬೆಣ್ಣೆಯೆಲ್ಲ ಸಂತೆಗೆ ಹೋಗೋದು. ಮನೇಗೆ ಮಜ್ಜಿಗೆ." ನನಗೆ ನೆನಪಿದೆ. ಬೆಣ್ಣೆ ಮಾರಿದ ದುಡ್ಡು ನನ್ನ ಪರೀಕ್ಷೆ ಫೀಸಾಗಿ ಬರುತ್ತಿತ್ತು, ಮುದ್ದೆಗೆ ನೀರು ಮಜ್ಜಿಗೆ ಬರುತ್ತಿತ್ತು. ಆಗಲೂ ಮನೆಯಲ್ಲಿ ತೂಗಿ ಅಳೆದೇ ಬಡಿಸುತ್ತಿದ್ದರು, ಎಲ್ಲರಿಗೂ ಸಾಲಬೇಕಿತ್ತಲ್ಲ. ಕೊನೆಗೆ ಕೂತು ಉಣ್ಣುತ್ತಿದ್ದ ಅವ್ವನ ಪಾಲಿಗೆ ಎಷ್ಟು ಗ್ರಾಂ ಉಳಿಯುತ್ತಿತ್ತೋ ಯಾರೂ ಕೇಳಲಿಲ್ಲ. ಕೇಳಿದ ಮೊದಲನೆಯವನು ಈ ಗ್ರಾಮಣ್ಣನೇ. 37 ಗ್ರಾಂ ಎಂದು ಬರೆದುಕೊಂಡು, "ಅತ್ತೆ, ನೀವು ಇದ್ರಲ್ಲಿ ಅರ್ಧಾನೂ ತಿಂತಿಲ್ಲ" ಎಂದು ಗದರಿ, ಬೆಳಗ್ಗೆ ಒಂದು ಮೊಟ್ಟೆ ಕಡ್ಡಾಯ ಮಾಡಿದವನು. ಹಳದಿ ಸಮೇತ.

ಮಾತು ಉಪದೇಶದ ಕಡೆ ಹೊರಳುತ್ತಿದೆ, ಮೇಷ್ಟ್ರ ಚಟ. ಆಲೂಗಡ್ಡೆಗೆ ಬರೋಣ.

ಆ ದಿನ ಅವ್ವನೇ ಎದ್ದು ಒಲೆ ಮುಂದೆ ಹೋದಳು. ಹಳೆಯ, ಹಿಟ್ಟು ಹಿಟ್ಟಾಗಿ ಬೇಯುವ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿದಳು. ಬಿಸಿಯಲ್ಲೇ ಸುಲಿದು, ನೀರಿಲ್ಲದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ತೇವ ಆರಿಸಿದಳು. ಸೊಪ್ಪು ಬೇಳೆ ಮಸೆಯುವ ಮರದ ಕೋಲಿನಲ್ಲಿ ಮೆಲ್ಲಗೆ ಮಸೆದಳು. ಮಸ್ಸೊಪ್ಪು ಮಾಡಿ ಪಳಗಿದ ಕೈ, ಅವಳಿಗೆ ಪಿಷ್ಟದ ಪಾಠ ಬೇಕಿರಲಿಲ್ಲ. ಮೊದಲು ಒಂದೇ ಚಮಚ ಬೆಣ್ಣೆ. "ನಾಲ್ಕು ಗ್ರಾಂ ಫ್ಯಾಟು!" ಎಂದು ಇವನು ಚೀರಿದ, ಅವಳಿಗೆ ಕೇಳಿಸಲಿಲ್ಲ. ಆಮೇಲೆ ಬೆಚ್ಚಗಿನ ಹಾಲು. ಹಿತುಕಿದ ಅವರೆಬೇಳೆಯನ್ನು ಮೆತ್ತಗೆ ಬೇಯಿಸಿ, ಮಸೆದು ಕೂಡಿಸಿದಳು. ಕೊನೆಗೆ ಪಾತ್ರೆ ಇಳಿಸಿ, ಉರಿಯ ಹಂಗಿಲ್ಲದೆ, ಗಂಟುಕಟ್ಟಿದ ಮೊಸರು, ಉಪ್ಪು, ಕುಟ್ಟಿದ ಮೆಣಸು. ನಾನು ಹೋಟೆಲಿನದು ತಿಂದಿಲ್ಲ. ಆದರೆ ಇದಕ್ಕೆ ಮುದ್ದೆಯನ್ನೇ ಪಕ್ಕಕ್ಕೆ ತಳ್ಳಿ ಎರಡನೇ ಸಲ ತಟ್ಟೆ ಒಡ್ಡಿದೆ. ಗ್ರಾಮಣ್ಣ ಒಂದು ತುತ್ತು ಬಾಯಿಗಿಟ್ಟು ಮಾತು ಬಿಟ್ಟ. ಮಾತು ಬಂದಾಗ ಫೋನು ತೆಗೆದ.

"ಅವರೆಬೇಳೆ ಎಷ್ಟು ಹಾಕಿದ್ರಿ ಅತ್ತೆ?"

"ಇದ್ದಷ್ಟು."

ಅವನ ಪಟ್ಟಿಯ ಆ ಖಾನೆಯಲ್ಲಿ ಇವತ್ತಿಗೂ ಹಾಗೇ ಇದೆ: ಅವರೆಬೇಳೆ, ಇದ್ದಷ್ಟು. ಕೊನೆಯಲ್ಲಿ ಕೂಡಿಸಲು ಬರುತ್ತಿಲ್ಲ ಎಂದು ಲೆಕ್ಕದ ಮೇಷ್ಟ್ರಾದ ನನ್ನನ್ನು ಕೇಳುತ್ತಾನೆ.

ಇನ್ನು ಆ ಕಪ್ಪು ಡಬ್ಬಿ. ಹೋದ ಸಲ ಅದನ್ನು ಇಲ್ಲೇ ಮರೆತು ಬೆಂಗಳೂರಿಗೆ ಹೋಗಿದ್ದ. ಮುಂದಿನ ಶನಿವಾರ ಬಂದು ಎತ್ತಿದರೆ ಹಗುರ. ಕರು ಯಾಕೋ ಬಡಕಲಾಗಿತ್ತು. ಹಾಲಿನ ನೀರಿನ ಪುಡಿ ತಾನೇ ಎಂದು ಅವ್ವ ದಿನಾ ಎರಡು ಹೊತ್ತು ಬೆಚ್ಚಗಿನ ನೀರಿನಲ್ಲಿ ಕಲಸಿ ಕುಡಿಸಿದ್ದಳು. ಕರುಗಳಿಗೆಂದು ಮಾರುವ ಹಾಲುಪುಡಿಯಲ್ಲೂ ವೇ ಇರುತ್ತದಾದ್ದರಿಂದ ಅವಳನ್ನು ಆಕ್ಷೇಪಿಸುವಂತೆಯೂ ಇರಲಿಲ್ಲ. ಕರು ಹಗ್ಗ ಜಗ್ಗಿ ಕೊಟ್ಟಿಗೆಯಲ್ಲಿ ನೆಗೆಯುತ್ತಿತ್ತು. ಸಾವಿರಾರು ರೂಪಾಯಿಯ ಮಾತು, ಜಗಳ ಖಂಡಿತ ಎಂದು ನಾನೂ ನನ್ನ ಹೆಂಡತಿಯೂ ನಡುಮನೆಯಲ್ಲೇ ನಿಂತೆವು. ಗ್ರಾಮಣ್ಣ ಡಬ್ಬಿ ಹಿಡಿದುಕೊಂಡೇ ಕೊಟ್ಟಿಗೆಗೆ ಹೋದ. ಕರುವಿನ ಬೆನ್ನು ಸವರಿದ, ಪಕ್ಕೆ ಮುಟ್ಟಿ ನೋಡಿದ. ಆಮೇಲೆ ಬಲು ಗಂಭೀರವಾಗಿ ಕೇಳಿದ:

"ಇದರ ತೂಕ ಎಷ್ಟಿರ್ಬೋದು ಅತ್ತೆ? ಕೆಜಿಗೆ ಎಷ್ಟು ಗ್ರಾಂ ಲೆಕ್ಕದಲ್ಲಿ ಹಾಕಿದ್ರಿ?"